ನೆನೆದ ಗೋಡೆಗೆ ಒಣಗುವ ಬಿಡುವು

ಕರ್ನಾಟಕದ ನಕಾಶೆಯ ಮೇಲೆ ಆಗುಂಬೆಯಿಂದ ಚಳ್ಳಕೆರೆಗೆ ನೇರ ಗೆರೆ ಎಳೆದರೆ ಅದರ ಉದ್ದ ಸುಮಾರು 200 ಕಿಲೋಮೀಟರ್ ಆಗುತ್ತದೆ. ಆ ಗೆರೆಯ ಒಂದು ತುದಿಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಇನ್ನೊಂದು ತುದಿಯಲ್ಲಿ 500 ಮಿಲಿಮೀಟರಿನ ಆಸುಪಾಸಿನಲ್ಲೇ ವರ್ಷದ ಲೆಕ್ಕ ಮುಗಿಯುತ್ತದೆ. ಇಷ್ಟು ಹತ್ತಿರದಲ್ಲಿ ಇಷ್ಟು ವ್ಯತ್ಯಾಸವಿರುವ ನಾಡಿನಲ್ಲಿ ಇಂದು ಕಟ್ಟುತ್ತಿರುವ ಮನೆಗಳು ಮಾತ್ರ ಹೆಚ್ಚುಕಡಿಮೆ ಒಂದೇ ಅಚ್ಚಿನವು: ಮೇಲೆ ಕಾಂಕ್ರೀಟಿನ ಸಮತಟ್ಟು ತಾರಸಿ, ಕಿಟಕಿಯ ಮೇಲಷ್ಟೇ ಚಾಚಿದ ಸಣ್ಣ ಸಜ್ಜ, ಇಟ್ಟಿಗೆಯ ಗೋಡೆ, ಅದಕ್ಕೆ ಸಿಮೆಂಟಿನ ಗಾರೆ, ಗಾರೆಯ ಮೇಲೆ ಹೊಳೆಯುವ ಬಣ್ಣ. ಮನೆಯ ಅಚ್ಚು ಒಂದೇ ಆದರೂ ಗೋಡೆ ಕೆಡುವ ಬಗೆ ಊರಿನಿಂದ ಊರಿಗೆ ಬೇರೆ. ಉಡುಪಿಯಲ್ಲಿ ಅದು ಒಳಮೈಯವರೆಗೂ ನೆನೆದು ಬೂಷ್ಟು ಹಿಡಿಯುತ್ತದೆ. ಸಿಂಧನೂರಿನ ಕಡೆ ಬುಡದಲ್ಲಿ ಉಪ್ಪೊಡೆದು ಪುಡಿಪುಡಿಯಾಗಿ ಉದುರುತ್ತದೆ. ಗದಗ, ವಿಜಯಪುರಗಳ ಎರೆಭೂಮಿಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಬೆಂಗಳೂರಿನಲ್ಲಿ ತಾರಸಿಯ ಅಡಿಯಲ್ಲೇ ಅಡ್ಡಡ್ಡ ಬಿರುಕು ಬಿಡುತ್ತದೆ. ಇವನ್ನೆಲ್ಲ ಮೇಸ್ತ್ರಿಯ ಕೈಗೆಲಸದ ಅಥವಾ ಇಟ್ಟಿಗೆಯ ಗುಣಮಟ್ಟದ ತಪ್ಪೆಂದು ಬಗೆಯುವುದು ವಾಡಿಕೆ. ಆ ತಪ್ಪುಗಳೂ ಇರುತ್ತವೆ. ಆದರೆ ಯಾವ ತಪ್ಪು ಯಾವ ಊರಿನಲ್ಲಿ, ಎಷ್ಟು ಬೇಗ, ಯಾವ ರೂಪದಲ್ಲಿ ಬಯಲಾಗುತ್ತದೆಂಬುದನ್ನು ತೀರ್ಮಾನಿಸುವುದು ಅಲ್ಲಿಯ ಹವಾಗುಣ.

ಸುಟ್ಟ ಇಟ್ಟಿಗೆ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಅದರ ಒಡಲ ತುಂಬ ಸೂಕ್ಷ್ಮ ರಂಧ್ರಗಳಿವೆ. ಹಸಿ ಇಟ್ಟಿಗೆಯಲ್ಲಿದ್ದ ನೀರು ಆರಿದಾಗ, ಗೂಡಿನ ಉರಿಯಲ್ಲಿ ಮಣ್ಣಿನೊಳಗಿನ ಕಸಕಡ್ಡಿ ಸುಟ್ಟುಹೋದಾಗ ಉಳಿದ ತೆರಪುಗಳಿವು. ಕೂದಲೆಳೆಗಿಂತ ಕಿರಿದಾದ ಇಂಥ ನಾಳಗಳಲ್ಲಿ ನೀರು ಯಾರೂ ಒತ್ತದಿದ್ದರೂ ತಾನಾಗಿ ಹರಿಯುತ್ತದೆ, ಕೆಳಗಿನಿಂದ ಮೇಲಕ್ಕೂ ಏರುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ಲೋಮನಾಳ ಕ್ರಿಯೆ ಎಂಬ ಹೆಸರಿದೆ. ಸಾಮಾನ್ಯ ಸುಟ್ಟ ಇಟ್ಟಿಗೆಗಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 1077ರ ಪ್ರಕಾರ, ಮನೆಗಳಿಗೆ ಬಳಸುವ ಸಾಧಾರಣ ದರ್ಜೆಯ ಇಟ್ಟಿಗೆಯನ್ನು 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟರೆ ಅದು ತನ್ನ ತೂಕದ ಶೇ 20ಕ್ಕಿಂತ ಹೆಚ್ಚು ನೀರನ್ನು ಹೀರಬಾರದು. ಅಂದರೆ 3 ಕಿಲೊ ತೂಗುವ ಇಟ್ಟಿಗೆ 600 ಗ್ರಾಂ ನೀರು ಕುಡಿದರೂ ಪರೀಕ್ಷೆಯಲ್ಲಿ ತೇರ್ಗಡೆಯಾದಂತೆಯೇ. ಒಂಬತ್ತು ಇಂಚು ದಪ್ಪದ ಗೋಡೆಯ ಒಂದು ಚದರ ಮೀಟರಿನಲ್ಲಿ ಸುಮಾರು 300 ಕಿಲೊ ಇಟ್ಟಿಗೆ ಇದೆಯೆಂದೂ, ಅದು ಶೇ 15ರಷ್ಟು ಮಾತ್ರ ಹೀರುತ್ತದೆಂದೂ ಇಟ್ಟುಕೊಂಡರೆ, ಅಷ್ಟಗಲದ ಗೋಡೆಯೊಳಗೆ 45 ಲೀಟರ್ ನೀರು ಅಡಗಿ ಕೂರಬಲ್ಲದು.

ಹೀಗೆ ನೀರು ಕುಡಿಯುವುದೇ ಒಂದು ದೋಷವೆಂದು ತಿಳಿಯಬೇಕಾಗಿಲ್ಲ. ದಪ್ಪನೆಯ ಇಟ್ಟಿಗೆ ಗೋಡೆ ಮಳೆಯ ಹೊತ್ತಿನಲ್ಲಿ ನೀರನ್ನು ತನ್ನೊಳಗೆ ತಡೆದಿಟ್ಟುಕೊಂಡು, ಬಿಸಿಲು ಬಂದಾಗ ಅದೇ ದಾರಿಯಿಂದ ಹೊರಕ್ಕೆ ಬಿಟ್ಟುಕೊಡುತ್ತದೆ. ನೆನೆಯುವುದಕ್ಕೂ ಒಣಗುವುದಕ್ಕೂ ನಡುವೆ ಸಾಕಷ್ಟು ಬಿಡುವು ಸಿಕ್ಕರೆ ಒಳಗಿನ ಕೋಣೆಗೆ ತೇವ ತಲುಪುವುದೇ ಇಲ್ಲ. ನೂರು ವರ್ಷ ದಾಟಿದ ಎಷ್ಟೋ ಇಟ್ಟಿಗೆ ಮನೆಗಳು ಯಾವ ರಾಸಾಯನಿಕ ಲೇಪವೂ ಇಲ್ಲದೆ ಉಳಿದುಬಂದಿರುವುದು ಈ ಲೆಕ್ಕಾಚಾರ ಸರಿಹೋದದ್ದರಿಂದ. ಹೊರಗೋಡೆಯ ಬಹುಪಾಲು ರೋಗಗಳನ್ನು ಕೆದಕಿ ನೋಡಿದರೆ ಕೊನೆಗೆ ಸಿಗುವುದು ಈ ಬಿಡುವಿನ ಪ್ರಶ್ನೆಯೇ: ಗೋಡೆಗೆ ಒಣಗಲು ಸಮಯ ಸಿಗುತ್ತಿದೆಯೇ, ಸಿಕ್ಕರೆ ಒಣಗುವ ದಾರಿ ತೆರೆದಿದೆಯೇ, ತೀರ ಬೇಗ ಒಣಗಿ ಇನ್ನೊಂದು ತೊಂದರೆಗೆ ಸಿಲುಕುತ್ತಿದೆಯೇ.

ಕರಾವಳಿಯಲ್ಲಿ ಈ ಬಿಡುವು ಅತ್ಯಂತ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಕಡೆಯಿಂದ ಬೀಸುವ ಗಾಳಿ ಮಳೆಯನ್ನು ನೇರವಾಗಿ ಕೆಳಗೆ ಬೀಳಗೊಡದೆ ಓರೆಯಾಗಿ ಗೋಡೆಗೆ ತಂದು ಅಪ್ಪಳಿಸುತ್ತದೆ. ಜನ ಎರಚಲು ಎಂದು ಕರೆಯುವ ಈ ಮಳೆಯ ಹೊಡೆತವೆಲ್ಲ ಪಶ್ಚಿಮದ ಮತ್ತು ನೈಋತ್ಯದ ಗೋಡೆಗಳ ಪಾಲಿಗೆ. ಅಂಥ ಗೋಡೆಯಲ್ಲಿ ನೀರು ಒಳಬರುವುದು ಇಟ್ಟಿಗೆಯ ಮೈಯಿಂದ ಎಂಬುದಕ್ಕಿಂತ ಇಟ್ಟಿಗೆ ಮತ್ತು ಗಾರೆ ಕೂಡುವ ಸಂದಿನಿಂದ ಎನ್ನುವುದು ಹೆಚ್ಚು ಸರಿ. ಇಟ್ಟಿಗೆಯನ್ನು ನೀರಿನಲ್ಲಿ ನೆನೆಸದೆ ಒಣಗಿದ್ದಂತೆಯೇ ಇಟ್ಟು ಕಟ್ಟಿದ್ದರೆ, ಅದು ಹಸಿ ಗಾರೆಯ ನೀರನ್ನು ಒಮ್ಮೆಲೇ ಎಳೆದುಕೊಂಡಿರುತ್ತದೆ. ಸಿಮೆಂಟು ಗಟ್ಟಿಯಾಗಲು ಬೇಕಾದ ನೀರೇ ಸಿಗದೆ ಸಂದಿನ ಗಾರೆ ಇಟ್ಟಿಗೆಯಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿರುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಗಲದ ಇಂಥ ಸೀಳು ಬರಿಗಣ್ಣಿಗೆ ಕಾಣುವುದೇ ಕಷ್ಟ. ಆದರೆ ಗಾಳಿಯ ಒತ್ತಡ ಹಿಂದಿನಿಂದ ನೂಕುತ್ತಿರುವಾಗ ನೀರಿಗೆ ಅಷ್ಟು ದಾರಿ ಸಾಲುತ್ತದೆ. ಸಂದಿನ ಗಾರೆಯನ್ನು ನಿಂತ ಸಂದುಗಳಲ್ಲೂ ಪೂರ್ತಿ ತುಂಬದೆ ಮುಂಭಾಗಕ್ಕಷ್ಟೇ ಮೆತ್ತಿಬಿಡುವ ಆತುರದ ಕೆಲಸ ಒಣ ಊರುಗಳಲ್ಲಿ ವರ್ಷಗಟ್ಟಲೆ ಮುಚ್ಚಿಹೋಗಬಹುದು. ಮಂಗಳೂರಿನಲ್ಲಿ ಮೊದಲ ಮಳೆಗಾಲವೇ ಅದನ್ನು ಬಯಲಿಗೆಳೆಯುತ್ತದೆ.

ಒಳಹೊಕ್ಕ ನೀರು ಹೊರಬರಲು ಸುತ್ತಲಿನ ಗಾಳಿ ಒಣಗಿರಬೇಕು. ಮಳೆಗಾಲದ ಕರಾವಳಿಯಲ್ಲಿ ಗಾಳಿಯ ತೇವಾಂಶ ಶೇ 85ರ ಮೇಲೆಯೇ ಇರುವುದು ಸಾಮಾನ್ಯವಾದ್ದರಿಂದ ಮಳೆ ನಿಂತ ದಿನಗಳಲ್ಲೂ ಗೋಡೆ ಒಣಗುವುದಿಲ್ಲ. ನಾಲ್ಕು ತಿಂಗಳು ನೆನೆದೇ ನಿಂತ ಗೋಡೆಯ ಹೊರಮೈಯಲ್ಲಿ ಹಸಿರು ಪಾಚಿ ಬೆಳೆದು ಕಪ್ಪಾಗುತ್ತದೆ, ಒಳಮೈಯಲ್ಲಿ ಬೂಷ್ಟು ಕಾಣಿಸುತ್ತದೆ, ಗಾರೆ ಇಟ್ಟಿಗೆಯ ಹಿಡಿತ ಬಿಟ್ಟು ತಟ್ಟಿದರೆ ಟೊಳ್ಳು ಸದ್ದು ಕೊಡುತ್ತದೆ. ಹಕ್ಕಿಗಳು ತಂದು ಬಿಟ್ಟ ಅರಳಿಯ ಬೀಜ ಬಿರುಕಿನಲ್ಲಿ ಮೊಳೆತು ಬೇರಿಳಿಸುವುದಕ್ಕೂ ಈ ಎಡೆಬಿಡದ ತೇವವೇ ಆಸರೆ.

ಹಳೆಯ ಕರಾವಳಿ ಮನೆಗಳನ್ನು ಕಟ್ಟಿದವರು ಈ ಸಮಸ್ಯೆಗೆ ಗೋಡೆಯಲ್ಲಿ ಪರಿಹಾರ ಹುಡುಕಲಿಲ್ಲ, ಸೂರಿನಲ್ಲಿ ಹುಡುಕಿದರು. ಇಳಿಜಾರಾದ ಮಾಡು ಗೋಡೆಯಿಂದ ಮೂರು ನಾಲ್ಕು ಅಡಿ ಹೊರಚಾಚಿ, ಅದರ ಕೆಳಗೆ ಸುತ್ತಲೂ ಜಗಲಿ ಬರುವುದರಿಂದ ಮನೆಯ ಮುಖ್ಯ ಗೋಡೆಗೆ ಮಳೆಯ ನೇರ ಪರಿಚಯವೇ ಆಗುತ್ತಿರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜಪ್ಪಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳ ಜಾಗಕ್ಕೆ ಹೆಂಚು ಬಂದರೂ, ಮಾಡಿನ ಇಳಿಜಾರು ಮತ್ತು ಸೂರಿನ ಚಾಚು ಹಾಗೆಯೇ ಉಳಿದವು. ಅದಕ್ಕೂ ಮಿಕ್ಕಿ ಬರುವ ಎರಚಲಿಗೆ ಮಳೆಗಾಲಕ್ಕೆ ಮೊದಲೇ ಅಡಕೆಯ ಸೋಗೆಯ ಅಥವಾ ತೆಂಗಿನ ಮಡಲಿನ ತಟ್ಟಿ ಕಟ್ಟಿ, ಮಳೆ ಮುಗಿದ ಮೇಲೆ ಬಿಚ್ಚಿಬಿಡುತ್ತಿದ್ದರು. ತಟ್ಟಿಯ ಹಿಂದೆ ಗಾಳಿಯಾಡುವುದರಿಂದ ಗೋಡೆ ಉಸಿರುಗಟ್ಟುತ್ತಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸೂಕ್ಷ್ಮ. ಸಮತಟ್ಟು ತಾರಸಿಯ ಮನೆಗಳು ಬಂದಾಗ ಈ ಸೂರು, ಈ ಜಗಲಿ ಎರಡೂ ಹೋದವು. ಈಗ ಕರಾವಳಿಯ ಉದ್ದಕ್ಕೂ ಕಾಂಕ್ರೀಟ್ ತಾರಸಿಗಳ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡಿನ ಇಳಿಜಾರು ಮಾಡು ಹಾಕಿಸಿಕೊಳ್ಳುವುದು ಸಾಮಾನ್ಯವಾಗಿದೆ. ಎರಡೆರಡು ಮಾಡುಗಳ ಖರ್ಚು ಹೊರುವ ಈ ಕುಟುಂಬಗಳಿಗೆ ಮನೆ ಕಟ್ಟುವ ಮೊದಲೇ ಯಾರಾದರೂ ಇದನ್ನು ತಿಳಿಹೇಳಬೇಕಿತ್ತು.

ಕಡಲ ದಂಡೆಗೆ ಇನ್ನೂ ಒಂದು ಕಾಟವಿದೆ. ಗಾಳಿಯಲ್ಲಿ ತೇಲಿಬರುವ ಉಪ್ಪು, ಸರಿಯಾಗಿ ತೊಳೆಯದೆ ಬಳಸಿದ ಮರಳಿನ ಉಪ್ಪು, ಉಪ್ಪುನೀರಿನ ಬಾವಿಯಿಂದ ಕ್ಯೂರಿಂಗ್‌ಗೆ ಬಳಸಿದ ನೀರು, ಇವೆಲ್ಲ ಗೋಡೆಯೊಳಗೆ ಅಡುಗೆ ಉಪ್ಪನ್ನು, ಅಂದರೆ ಸೋಡಿಯಂ ಕ್ಲೋರೈಡನ್ನು ಸೇರಿಸುತ್ತವೆ. ಗಾಳಿಯ ತೇವಾಂಶ ಶೇ 75ನ್ನು ದಾಟಿದೊಡನೆ ಈ ಉಪ್ಪು ಗಾಳಿಯ ತೇವವನ್ನೇ ಹೀರಿ ನೀರಾಗುತ್ತದೆ. ಆದ್ದರಿಂದ ಉಪ್ಪು ಹೊಕ್ಕ ಗೋಡೆ ಮಳೆಯ ಹನಿ ತಾಗದಿದ್ದರೂ, ಕೊಳಾಯಿ ಸೋರದಿದ್ದರೂ ಒದ್ದೆಯಾಗಿಯೇ ಇರುತ್ತದೆ. ಎಲ್ಲಿಂದ ಸೋರುತ್ತಿದೆಯೆಂದು ತಿಳಿಯದೆ ತಾರಸಿಗೆ, ಸ್ನಾನದ ಮನೆಗೆ ಮತ್ತೆ ಮತ್ತೆ ಜಲನಿರೋಧಕ ಬಳಿಸಿ ಸೋತವರ ಮನೆಗಳಲ್ಲಿ ಕೆಲವೊಮ್ಮೆ ನಿಜವಾದ ಕಾರಣ ಇದಾಗಿರುತ್ತದೆ.

ಉಪ್ಪಿನ ವಿಷಯ ಒಳನಾಡಿಗೆ ಬಂದಾಗ ಇನ್ನಷ್ಟು ಗಂಭೀರವಾಗುತ್ತದೆ, ಮತ್ತು ಹವಾಗುಣ ಗೋಡೆಯನ್ನು ಹೇಗೆ ಒಳಗಿನಿಂದ ಒಡೆಯುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ನೆಲದ ತೇವ ಲೋಮನಾಳಗಳ ಮೂಲಕ ಗೋಡೆಯನ್ನೇರುವಾಗ ಮಣ್ಣಿನಲ್ಲಿ ಕರಗಿದ ಲವಣಗಳನ್ನೂ ಹೊತ್ತು ತರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಒಣಗುವಿಕೆ ನಿಧಾನವಾಗಿದ್ದರೆ ನೀರು ಗೋಡೆಯ ಹೊರಮೈವರೆಗೂ ಬಂದು ಅಲ್ಲಿ ಆವಿಯಾಗುವುದರಿಂದ ಉಪ್ಪು ಬಿಳಿಯ ಪುಡಿಯಾಗಿ ಹೊರಗೇ ಅರಳುತ್ತದೆ. ನೋಡಲು ಅಸಹ್ಯವೇ ಹೊರತು ಅದರಿಂದ ಇಟ್ಟಿಗೆಗೆ ಹೆಚ್ಚಿನ ಹಾನಿಯಿಲ್ಲ, ಒಣ ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ರಾಯಚೂರು, ಕೊಪ್ಪಳಗಳಲ್ಲಿರುವಂತೆ ಬಿಸಿಯಾದ ಒಣಗಾಳಿ ಬೀಸುತ್ತಿದ್ದರೆ ಕಥೆ ಬದಲಾಗುತ್ತದೆ. ಕೆಳಗಿನಿಂದ ನೀರು ಬಂದು ತಲುಪುವುದಕ್ಕಿಂತ ವೇಗವಾಗಿ ಹೊರಮೈ ಒಣಗಿಬಿಡುವುದರಿಂದ ಆವಿಯಾಗುವ ಜಾಗ ಇಟ್ಟಿಗೆಯ ಒಳಕ್ಕೆ, ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಯುತ್ತದೆ. ಆಗ ಉಪ್ಪಿನ ಹರಳು ಕಟ್ಟುವುದು ರಂಧ್ರಗಳ ಒಳಗೆ. ಬೆಳೆಯುವ ಹರಳು ರಂಧ್ರದ ಗೋಡೆಯನ್ನು ಒತ್ತುತ್ತದೆ. ಆ ಒತ್ತಡವನ್ನು ತಡೆಯಲಾರದೆ ಇಟ್ಟಿಗೆಯ ಮುಖ ಪದರಪದರವಾಗಿ ಕಳಚಿ ಬೀಳುತ್ತದೆ.

ಈ ಲವಣಗಳಲ್ಲಿ ಸೋಡಿಯಂ ಸಲ್ಫೇಟಿನ ಹಾನಿ ಎಲ್ಲಕ್ಕಿಂತ ಹೆಚ್ಚು. 32.4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಅದರ ಹರಳಿನಲ್ಲಿ ನೀರಿರುವುದಿಲ್ಲ. ಅದಕ್ಕಿಂತ ಕೆಳಗೆ, ತೇವ ಸಿಕ್ಕಾಗ, ಒಂದೊಂದು ಅಣುವೂ ಹತ್ತು ನೀರಿನ ಅಣುಗಳನ್ನು ಸೇರಿಸಿಕೊಂಡು ಹರಳಿನ ಗಾತ್ರ ಸುಮಾರು ನಾಲ್ಕು ಪಟ್ಟು ಹಿಗ್ಗುತ್ತದೆ. ಹಗಲಲ್ಲಿ ಈ ಮಿತಿಯ ಮೇಲಕ್ಕೂ ರಾತ್ರಿ ಕೆಳಕ್ಕೂ ಹೋಗಿ ಬರುವುದು ಬಯಲುಸೀಮೆಯ ಗೋಡೆಗೆ ವರ್ಷದ ಬಹಳಷ್ಟು ದಿನಗಳ ದಿನಚರಿ. ಮಂಗಳೂರಿನ ಐದನೆಯ ಒಂದು ಪಾಲು ಮಳೆಯೂ ಇಲ್ಲದ ಊರಿನಲ್ಲಿ ಒದ್ದೆಯಿಂದ ಗೋಡೆ ಹಾಳಾಗುವುದು ಮೊದಲ ನೋಟಕ್ಕೆ ಸೋಜಿಗವೆನಿಸಿದರೂ ಕಾರಣ ಹೀಗೆ ನೇರವಾಗಿದೆ. ತುಂಗಭದ್ರಾ ಅಣೆಕಟ್ಟೆಯಿಂದ 1953ರ ನಂತರ ಕಾಲುವೆ ನೀರು ಹರಿದ ಪ್ರದೇಶದಲ್ಲಿ ಗಂಗಾವತಿ, ಸಿಂಧನೂರುಗಳ ಕಡೆಯ ಹೊಲಗಳು ಸವಳು ಜವಳಾದದ್ದನ್ನು ರೈತರು ಬಲ್ಲರು; ಅಂತರ್ಜಲ ಮೇಲೆ ಬಂದು, ಬಿಸಿಲಿಗೆ ಆವಿಯಾಗಿ, ಉಪ್ಪನ್ನು ಮೇಲ್ಮಣ್ಣಿನಲ್ಲಿ ಬಿಟ್ಟುಹೋಗುವ ಆ ಕ್ರಿಯೆಯೇ ಹೊಲದ ಪಕ್ಕದ ಮನೆಯ ಗೋಡೆಯಲ್ಲೂ ನಡೆಯುತ್ತದೆ. ನೆಲದಿಂದ ಒಂದು ಅಡಿಗೂ ಮೂರು ಅಡಿಗೂ ನಡುವೆ, ಸೊಂಟಪಟ್ಟಿಯ ಹಾಗೆ ಮನೆಯನ್ನು ಸುತ್ತುವ ಉದುರುವ ಗಾರೆಯ ಪಟ್ಟೆ ಅದರ ಗುರುತು.

ಉಪ್ಪು ನೆಲದಿಂದಲೇ ಬರಬೇಕೆಂದಿಲ್ಲ, ಇಟ್ಟಿಗೆಯ ಮಣ್ಣಿನಲ್ಲೇ ಇರಬಹುದು. ಕೊಳ್ಳುವ ಮೊದಲು ಇದನ್ನು ತಿಳಿಯಲು ಐ.ಎಸ್. 3495ರಲ್ಲಿ ಹೇಳಿರುವ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ಗಾಳಿಯಾಡುವ ಕೋಣೆಯಲ್ಲಿ ಅಗಲ ಬಾಯಿಯ ತಟ್ಟೆಯಿಟ್ಟು, ಅದರಲ್ಲಿ 25 ಮಿಲಿಮೀಟರ್ ಆಳಕ್ಕೆ ಶುದ್ಧ ನೀರು ಹಾಕಿ, ಇಟ್ಟಿಗೆಯನ್ನು ಉದ್ದಕ್ಕೆ ನಿಲ್ಲಿಸಬೇಕು. ಇಟ್ಟಿಗೆ ನೀರನ್ನು ಹೀರಿ, ಉಳಿದದ್ದು ಆರಿಹೋದ ಮೇಲೆ ಮತ್ತೊಮ್ಮೆ ಅಷ್ಟೇ ನೀರು ಹಾಕಿ ಆರಲು ಬಿಡಬೇಕು. ಎರಡನೆಯ ಸಲ ಒಣಗಿದಾಗ ಇಟ್ಟಿಗೆಯ ಮೇಲಿನ ಅಂಚುಗಳಲ್ಲಿ ಬಿಳಿ ಕಾಣದಿದ್ದರೆ ಉಪ್ಪಿಲ್ಲ. ಮೈಯ ಶೇ 10ರಷ್ಟು ಭಾಗಕ್ಕೆ ತೆಳುವಾಗಿ ಹಬ್ಬಿದ್ದರೆ ಅಲ್ಪ, ಶೇ 50ರವರೆಗೆ ಹಬ್ಬಿದ್ದರೆ ಮಧ್ಯಮ. ಅದಕ್ಕೂ ಮೀರಿದರೆ ಅಥವಾ ಪುಡಿ ಉದುರತೊಡಗಿದರೆ ಆ ಲೋಡನ್ನು ಹಿಂದಕ್ಕೆ ಕಳುಹಿಸುವುದು ಲೇಸು. ಲಕ್ಷಾಂತರ ರೂಪಾಯಿ ಹಾಕಿ ಕಟ್ಟುವ ಮನೆಗೆ ಒಂದು ತಟ್ಟೆ ನೀರಿನ ಈ ಪರೀಕ್ಷೆಯನ್ನು ಮಾಡುವವರು ವಿರಳವೆಂಬುದು ಬೇಸರದ ಸಂಗತಿ.

ನೆಲದ ತೇವಕ್ಕೆ ಪರಿಹಾರವೆಂದರೆ ಅದು ಗೋಡೆ ಹತ್ತದಂತೆ ಪಾಯದ ಮೇಲೆಯೇ ತಡೆಯುವುದು. ಸುಲಭವಾಗಿ ಗ್ರಾನೈಟ್ ಸಿಗುವ ಹಳೆಯ ಮೈಸೂರು ಸೀಮೆಯಲ್ಲಿ ಸೈಜುಗಲ್ಲಿನ ಪಾಯವನ್ನು ನೆಲದಿಂದ ಒಂದೆರಡು ಅಡಿ ಮೇಲಕ್ಕೆ ತಂದು, ಅದರ ಮೇಲೆ ಇಟ್ಟಿಗೆ ಕಟ್ಟುವ ಕ್ರಮದಿಂದ ಅರ್ಧ ಕೆಲಸ ತಾನಾಗಿ ಆಗುತ್ತಿತ್ತು, ಏಕೆಂದರೆ ಗ್ರಾನೈಟ್ ನೀರು ಹೀರುವುದು ಅತ್ಯಲ್ಪ. ಈಗ ಡಿ.ಪಿ.ಸಿ. ಎಂದು ಕರೆಯುವ, ಜಲನಿರೋಧಕ ಬೆರೆಸಿದ ಒಂದೂವರೆ ಇಂಚಿನ ಕಾಂಕ್ರೀಟ್ ಪದರವನ್ನು ಗೋಡೆಯ ಪೂರ್ತಿ ಅಗಲಕ್ಕೆ ಹಾಕುತ್ತಾರೆ. ಅದನ್ನು ಸರಿಯಾಗಿ ಹಾಕಿದ ಮೇಲೂ, ಹೊರಗಡೆ ಅಂಗಳಕ್ಕೆ ಮಣ್ಣು ತುಂಬಿಸಿ, ಟೈಲ್ಸ್ ಹಾಕಿಸಿ ನೆಲವನ್ನು ಆ ಪದರಕ್ಕಿಂತ ಮೇಲೇರಿಸಿದರೆ ಹಾಕಿದ್ದೆಲ್ಲ ವ್ಯರ್ಥ. ತೇವ ತಡೆಯ ಪಕ್ಕದಿಂದಲೇ ದಾಟಿಹೋಗುತ್ತದೆ. ರಸ್ತೆಗೆ ಪ್ರತಿ ಸಲ ಹೊಸ ಡಾಂಬರು ಹಾಕುವಾಗ ಎತ್ತರವಾಗುತ್ತ ಬಂದು, ಕೊನೆಗೆ ಹಳೆಯ ಮನೆಗಳ ಪಾಯವೇ ರಸ್ತೆಗಿಂತ ಕೆಳಗಾಗಿರುವ ಬಡಾವಣೆಗಳಲ್ಲಿ ಗೋಡೆಗಳ ಬುಡ ಕೆಡುವುದು ಇದೇ ಕಾರಣಕ್ಕೆ.

ಎರೆಭೂಮಿಯ ಬಿರುಕುಗಳ ಮೂಲ ಗೋಡೆಯಲ್ಲಿಲ್ಲ, ಅದರ ಕೆಳಗಿನ ಮಣ್ಣಿನಲ್ಲಿದೆ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ, ನೀರು ಹೋದಾಗ ಕುಗ್ಗುತ್ತದೆ. ಬೇಸಗೆಯಲ್ಲಿ ಎರೆ ಹೊಲಗಳು ಕೈ ಹೋಗುವಷ್ಟು ಬಾಯಿ ಬಿಡುವುದನ್ನು ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಮನೆ ಕೂತ ಜಾಗದಲ್ಲಿ ಈ ಉಬ್ಬುಕುಗ್ಗು ಎಲ್ಲ ಕಡೆ ಒಂದೇ ಸಮನೆ ಆದರೆ ತೊಂದರೆಯಿಲ್ಲ. ಆದರೆ ಮನೆಯ ಹೊಟ್ಟೆಯಡಿಯ ಮಣ್ಣು ನೆರಳಲ್ಲಿ ತೇವ ಉಳಿಸಿಕೊಂಡಿರುವಾಗ ಹೊರಗೋಡೆಯ ಕೆಳಗಿನದು ಒಣಗಿ ಇಳಿಯುತ್ತದೆ. ಮೂಲೆಗಳು ಕೆಳಕ್ಕೆ ಜಗ್ಗಿದಾಗ ಗೋಡೆಯ ಮೇಲ್ಭಾಗ ಎಳೆತಕ್ಕೆ ಸಿಕ್ಕಿ, ಮೇಲೆ ಅಗಲವಾಗಿ ಕೆಳಗೆ ಸಣ್ಣದಾಗುತ್ತ ಬರುವ ಓರೆ ಬಿರುಕು ಮೂಡುತ್ತದೆ. ಮಳೆಗಾಲದಲ್ಲಿ ಹೊರ ಅಂಚು ಮೊದಲು ನೆನೆದು ಉಬ್ಬಿದರೆ ಇದಕ್ಕೆ ತಿರುವುಮುರುವಾಗಿ ಬಿರುಕು ಕೆಳಗಡೆ ಅಗಲವಾಗುತ್ತದೆ. ಗಾರೆಗಿಂತ ಇಟ್ಟಿಗೆ ಗಟ್ಟಿಯಾಗಿದ್ದರೆ ಅದು ಸಂದುಗಳನ್ನೇ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಸಿಮೆಂಟ್ ಹೆಚ್ಚು ಹಾಕಿದ ಗಾರೆಯಿದ್ದರೆ ಇಟ್ಟಿಗೆಯನ್ನೇ ಸೀಳಿಕೊಂಡು ಹೋಗುತ್ತದೆ. ಹೀಗೆ ಬಿರುಕಿನ ಆಕಾರವನ್ನು ಓದಿದರೆ ನೆಲ ಯಾವ ಕಡೆ ಇಳಿಯಿತು, ಯಾವ ಕಡೆ ಎದ್ದಿತು ಎಂಬುದು ಗೊತ್ತಾಗುತ್ತದೆ. ಎಷ್ಟೋ ಸಲ ಅದು ಬೊಟ್ಟು ಮಾಡುವುದು ಗೋಡೆಗೆ ಅಂಟಿಕೊಂಡೇ ಇಂಗುತ್ತಿರುವ ಬಚ್ಚಲ ನೀರಿನ ಗುಂಡಿಯತ್ತ, ಇಲ್ಲವೇ ಮೂಲೆಗೆ ತೀರ ಹತ್ತಿರ ಬೆಳೆದು ಬೇಸಗೆಯಲ್ಲಿ ಆಳದ ತೇವವನ್ನೆಲ್ಲ ಹೀರುವ ದೊಡ್ಡ ಮರದತ್ತ.

ಇಂಥ ನೆಲಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡದಲ್ಲಿ ಗಡಿಗೆಯಂತೆ ಉಬ್ಬಿರುವ ಕಾಂಕ್ರೀಟ್ ಕಂಬಗಳ ಪಾಯ ದಶಕಗಳಿಂದ ಬಳಕೆಯಲ್ಲಿದೆ. ಋತುಮಾನದ ತೇವ ಏರಿಳಿಯುವ ಮೇಲಿನ ಪದರವನ್ನು ದಾಟಿ, ಸುಮಾರು ಮೂರೂವರೆ ಮೀಟರ್ ಆಳದಲ್ಲಿ, ವರ್ಷವಿಡೀ ಒಂದೇ ಸ್ಥಿತಿಯಲ್ಲಿರುವ ಮಣ್ಣಿನಲ್ಲಿ ಈ ಕಂಬಗಳು ಬೇರೂರುತ್ತವೆ. ಈಗಾಗಲೇ ಕಟ್ಟಿದ ಮನೆಗಳಿಗೆ ಆ ದಾರಿ ದುಬಾರಿ. ಅಲ್ಲಿ ಮಾಡಬಹುದಾದ್ದು ಗೋಡೆಯ ಸುತ್ತ ನಾಲ್ಕೈದು ಅಡಿ ಅಗಲಕ್ಕೆ ಇಳಿಜಾರಾದ ನೆಲಗಟ್ಟು ಹಾಕಿ ಪಾಯದ ಮಣ್ಣಿನ ತೇವ ಒಮ್ಮೆಗೇ ಏರಿಳಿಯದಂತೆ ನೋಡಿಕೊಳ್ಳುವುದು, ಬಚ್ಚಲ ನೀರನ್ನು ದೂರಕ್ಕೆ ಒಯ್ಯುವುದು. ಏಪ್ರಿಲ್ ತಿಂಗಳಲ್ಲಿ ಬಾಯ್ದೆರೆದ ಬಿರುಕಿಗೆ ಗಟ್ಟಿ ಸಿಮೆಂಟ್ ತುಂಬುವುದು ಮಾತ್ರ ತಪ್ಪು ಚಿಕಿತ್ಸೆ. ಮಳೆ ಬಂದು ಮಣ್ಣು ಉಬ್ಬಿದಾಗ ಗೋಡೆ ತನ್ನ ಹಿಂದಿನ ಜಾಗಕ್ಕೆ ಮರಳಲು ನೋಡುತ್ತದೆ. ತುಂಬಿದ ಸಿಮೆಂಟ್ ಅದಕ್ಕೆ ಅಡ್ಡವಾಗಿ ನಿಂತು ಪಕ್ಕದಲ್ಲೇ ಇನ್ನೊಂದು ಬಿರುಕನ್ನು ಹುಟ್ಟಿಸುತ್ತದೆ.

ಮಳೆಯೂ ಮಣ್ಣೂ ಸೌಮ್ಯವಾಗಿರುವ ಬೆಂಗಳೂರಿನಂಥ ಊರುಗಳಲ್ಲಿ ಗೋಡೆಯನ್ನು ಕಾಡುವುದು ಹೆಚ್ಚಾಗಿ ಬಿಸಿಲು. ಫೆಬ್ರುವರಿ, ಮಾರ್ಚ್‌ಗಳಲ್ಲಿ ಅಲ್ಲಿ ನಸುಕಿನ ತಂಪಿಗೂ ಮಧ್ಯಾಹ್ನದ ಕಾವಿಗೂ 12ರಿಂದ 14 ಡಿಗ್ರಿಗಳ ಅಂತರವಿರುತ್ತದೆ. ಬಿಸಿಲಿಗೆ ನೇರ ಮೈಯೊಡ್ಡಿದ ತಾರಸಿಯ ಏರಿಳಿತ ಅದಕ್ಕಿಂತ ಬಹಳ ಹೆಚ್ಚು. ಕಾವಿಗೆ ಕಾಂಕ್ರೀಟ್ ಹಿಗ್ಗುವ ಪ್ರಮಾಣ ಇಟ್ಟಿಗೆ ಗೋಡೆಯ ಹೆಚ್ಚುಕಡಿಮೆ ಎರಡು ಪಟ್ಟು. 10 ಮೀಟರ್ ಉದ್ದದ ತಾರಸಿ 30 ಡಿಗ್ರಿ ಕಾದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ. ಅದೇ ಕಾವು ತಗುಲಿದರೂ ಗೋಡೆ ಬೆಳೆಯುವುದು ಒಂದೂವರೆ ಮಿಲಿಮೀಟರಿನ ಆಸುಪಾಸು, ಮತ್ತು ನಿಜದಲ್ಲಿ ಗೋಡೆ ತಾರಸಿಯಷ್ಟು ಕಾಯುವುದೂ ಇಲ್ಲ. ಒಂದೇ ನೊಗಕ್ಕೆ ಕಟ್ಟಿದ ಬೇರೆ ಬೇರೆ ನಡಿಗೆಯ ಎತ್ತುಗಳಂತೆ ಇವೆರಡೂ ದಿನವೂ ಎಳೆದಾಡಿ, ಕೊನೆಗೆ ದುರ್ಬಲವಾದ ಸಂದು ಹರಿಯುತ್ತದೆ. ಮೇಲಿನ ಅಂತಸ್ತಿನಲ್ಲಿ, ತಾರಸಿಯ ಕೆಳಗೆ, ಮನೆಯ ಮೂಲೆಗಳ ಹತ್ತಿರ ಅಡ್ಡಲಾಗಿ ಕಾಣುವ ಬಿರುಕು ಇದೇ. ತಾರಸಿ ಕೂರುವ ಗೋಡೆಯ ತಲೆಯನ್ನು ನುಣುಪು ಮಾಡಿ, ನಡುವೆ ಜಾರುವ ಪದರವೊಂದನ್ನು ಹಾಕಿ ಎರಡಕ್ಕೂ ಅವುಗಳ ಚಲನೆಯ ಸ್ವಾತಂತ್ರ್ಯ ಕೊಡುವುದು, ತಾರಸಿಯ ಮೇಲೆ ಕಾವು ತಡೆಯುವ ಹಾಸು ಅಥವಾ ಬಿಳಿ ಲೇಪ ಹಾಕುವುದು ಬಲ್ಲವರು ಹೇಳುವ ದಾರಿ. ಭಾರತೀಯ ಮಾನಕ ಸಂಸ್ಥೆ 1984ರಲ್ಲಿ ಹೊರತಂದ ಬಿರುಕುಗಳ ಕೈಪಿಡಿಯಲ್ಲೇ ಇವೆಲ್ಲ ವಿವರವಾಗಿದ್ದರೂ ಸಣ್ಣ ಮನೆಗಳ ಕೆಲಸಕ್ಕೆ ಅವು ಇಳಿದು ಬಂದದ್ದು ಕಡಿಮೆ.

ಕಾಂಕ್ರೀಟ್ ಕಂಬಗಳ ನಡುವೆ ಇಟ್ಟಿಗೆ ತುಂಬುವ ಮನೆಗಳಲ್ಲಿ ಇನ್ನೊಂದು ನಿಧಾನದ ಎಳೆದಾಟವಿದೆ. ಕಾಂಕ್ರೀಟ್ ಒಣಗುತ್ತ ಒಣಗುತ್ತ ವರ್ಷಗಳವರೆಗೆ ಕುಗ್ಗುತ್ತದೆ. ಗೂಡಿನಿಂದ ಬಂದ ಇಟ್ಟಿಗೆ ಇದಕ್ಕೆ ವಿರುದ್ಧವಾಗಿ, ಗಾಳಿಯ ತೇವವನ್ನು ಹೀರುತ್ತ, ಮತ್ತೆ ಕುಗ್ಗದ ಹಾಗೆ ಹಿಗ್ಗುತ್ತದೆ. ಈ ಹಿಗ್ಗುವಿಕೆಯ ದೊಡ್ಡ ಪಾಲು ಗೂಡು ಬಿಟ್ಟ ಮೊದಲ ವಾರಗಳಲ್ಲೇ ಮುಗಿಯುವುದರಿಂದ ಇಟ್ಟಿಗೆಯನ್ನು ಎರಡು ಮೂರು ವಾರ ಹಾಗೆಯೇ ಬಿಟ್ಟು ಬಳಸಬೇಕು. ಇಲ್ಲಿಯೂ ಹವಾಗುಣದ ಕೈವಾಡ ಕಾಣುತ್ತದೆ: ಮಾಲೂರು, ಆನೇಕಲ್ಲುಗಳ ಗೂಡುಗಳಲ್ಲಿ ಹಸಿ ಇಟ್ಟಿಗೆ ಒಣಗಲು ಬಿಸಿಲು ಬೇಕಾದ್ದರಿಂದ ಸುಡುವ ಕೆಲಸ ಬೇಸಗೆಯಲ್ಲಿ ಭರದಿಂದ ಸಾಗುತ್ತದೆ, ಮನೆ ಕಟ್ಟಿಸುವವರಿಗೂ ಮಳೆಗೆ ಮೊದಲೇ ಗೋಡೆ ಏಳಬೇಕೆಂಬ ಅವಸರವಿರುತ್ತದೆ. ಎರಡೂ ಅವಸರಗಳು ಸೇರಿ, ಬಿಸಿಯಾರದ ಇಟ್ಟಿಗೆ ಲಾರಿಯಿಂದಿಳಿದ ದಿನವೇ ಗೋಡೆ ಸೇರುತ್ತದೆ. ಅರೆಬೆಂದ ಇಟ್ಟಿಗೆಯೂ ಈ ಭರಾಟೆಯಲ್ಲಿ ಬೆರೆತುಬಿಡುತ್ತದೆ. ಒಂದಕ್ಕೊಂದು ಬಡಿದಾಗ ಲೋಹದಂತೆ ಖಣಖಣ ಎನ್ನದೆ ಮಂಕಾಗಿ ಸದ್ದು ಮಾಡುವ ಇಟ್ಟಿಗೆಯನ್ನು ಹೊರಗೋಡೆಗೆ, ಅದರಲ್ಲೂ ಪಶ್ಚಿಮದ ಗೋಡೆಗೆ, ಇಡದಿರುವುದು ಕ್ಷೇಮ.

ಹವಾಗುಣ ಮಣ್ಣಿನ ಮೂಲಕ ಇಟ್ಟಿಗೆಯೊಳಕ್ಕೇ ನುಸುಳುವುದೂ ಉಂಟು. ಮಳೆ ಕಡಿಮೆಯಿರುವ ಕಡೆ ಮಣ್ಣಿನ ಸುಣ್ಣದಂಶ ತೊಳೆದುಹೋಗದೆ ಸಣ್ಣ ಗಂಟುಗಳಾಗಿ ಉಳಿದಿರುತ್ತದೆ. ಅವು ಮಣ್ಣಿನೊಂದಿಗೆ ಅಚ್ಚು ಸೇರಿ ಗೂಡಿನಲ್ಲಿ ಸುಟ್ಟಾಗ ಸುಟ್ಟಸುಣ್ಣವಾಗುತ್ತವೆ. ಗೋಡೆಯ ತೇವ ತಾಗಿದಾಗ ಅರಳಿ, ಇಟ್ಟಿಗೆಯ ಮುಖವನ್ನು ನಾಣ್ಯದಗಲಕ್ಕೆ ಚಿಮ್ಮಿಸುತ್ತವೆ. ಚಳಿದೇಶಗಳ ಇಟ್ಟಿಗೆಗೆ ಇದಕ್ಕೂ ಕ್ರೂರವಾದ ಶತ್ರುವಿದೆ. ರಂಧ್ರದೊಳಗಿನ ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗಿ ಇಟ್ಟಿಗೆಯನ್ನು ಒಡೆಯುತ್ತದೆ. ಬ್ರಿಟನ್ನಿನಲ್ಲಿ ಎರಡು ತೆಳುಗೋಡೆಗಳ ನಡುವೆ ಪೊಳ್ಳು ಬಿಟ್ಟು ಕಟ್ಟುವ ಕ್ರಮ ಇಪ್ಪತ್ತನೆಯ ಶತಮಾನದಲ್ಲಿ ವ್ಯಾಪಕವಾದದ್ದು ಗಾಳಿಮಳೆಯ ನೀರು ಒಳಗೋಡೆಗೆ ದಾಟದಿರಲೆಂದು. ಹಿಮದ ಕಾಟವಿಲ್ಲದ ಕನ್ನಡ ನಾಡಿನಲ್ಲಿ ಎರಚಲಿನ ಕಡೆಯ ಒಂದೇ ಗೋಡೆಗೆ ಈ ಉಪಾಯವನ್ನು ಬಳಸಿ ನೋಡುವುದು ಅಸಾಧ್ಯವೇನಲ್ಲ.

ಈ ಎಲ್ಲ ದೋಷಗಳ ಮೇಲೂ ಇಂದು ಹಾಕುತ್ತಿರುವ ಮುಲಾಮು ಒಂದೇ, ನೀರು ಬಿಡದ ಬಣ್ಣ. ಮಳೆ ಹೊರಗಿನಿಂದ ಒಳಹೋಗದಂತೆ ಅದು ತಡೆಯುತ್ತದೆಂಬುದು ನಿಜ. ಆದರೆ ಪಾಯದಿಂದ ಏರಿದ, ಕಿಟಕಿಯ ಅಂಚಿನಿಂದ, ತಾರಸಿಯ ಕೈಪಿಡಿಗೋಡೆಯ ತಲೆಯಿಂದ ಇಳಿದ ನೀರು ಹೊರಬರುವ ದಾರಿಯನ್ನೂ ಅದು ಮುಚ್ಚುತ್ತದೆ. ಬಿಸಿಲಿಗೆ ಆವಿಯಾದ ತೇವ ಬಣ್ಣದ ಹಿಂದೆ ಸಿಕ್ಕಿಬಿದ್ದು ಗುಳ್ಳೆಯೇಳುತ್ತದೆ. ಉಪ್ಪಿದ್ದರೆ ಹರಳು ಬಣ್ಣದ ಹಿಂಬದಿಯಲ್ಲೇ, ಅಂದರೆ ಗಾರೆಯ ಒಳಗೇ ಕಟ್ಟುತ್ತದೆ. ರಾಯಚೂರಿನಲ್ಲಿ ಒಣಗಾಳಿ ಮಾಡುವ ಹಾನಿಯನ್ನು ಕುಂದಾಪುರದಲ್ಲಿ ಬಣ್ಣ ಮಾಡುತ್ತದೆ. ಹಿಂದಿನ ಸುಣ್ಣದ ಗಾರೆ ಈ ವಿಷಯದಲ್ಲಿ ಹೆಚ್ಚು ಸಹನಶೀಲ. ಅದು ಇಟ್ಟಿಗೆಗಿಂತ ಮೆದುವಾದ್ದರಿಂದ ಸಣ್ಣ ಚಲನೆಗಳನ್ನು ತಾನೇ ಸಹಿಸುತ್ತದೆ, ತೇವವನ್ನು ಹೊರಬಿಡುತ್ತದೆ, ಕೂದಲೆಳೆ ಬಿರುಕಿನಲ್ಲಿ ನೀರಿಳಿದಾಗ ಒಂದಿಷ್ಟು ಸುಣ್ಣ ಕರಗಿ ಮತ್ತೆ ಅಲ್ಲೇ ಹೆಪ್ಪುಗಟ್ಟಿ ಸಂದನ್ನು ಬೆಸೆಯುತ್ತದೆ. ಹಳೆಯ ಸುಣ್ಣದ ಗೋಡೆಗೆ ಸಿಮೆಂಟ್ ಗಾರೆ ಮೆತ್ತಿ ಗಟ್ಟಿ ಮಾಡಿದೆವೆಂದುಕೊಳ್ಳುವುದು ಅದರ ಆಯುಷ್ಯವನ್ನು ಕಡಿಮೆ ಮಾಡಿದಂತೆ.

ಹವಾಗುಣ ತನ್ನ ಹಳೆಯ ರೂಢಿ ಬಿಟ್ಟು ನಡೆದಾಗ ಗೋಡೆಗಳು ಎಷ್ಟು ಅಸಹಾಯಕವಾಗುತ್ತವೆಂಬುದನ್ನು 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆ ಉತ್ತರ ಕರ್ನಾಟಕದಲ್ಲಿ ತೋರಿಸಿತು. ಒಣಹವೆಗೆಂದೇ ರೂಪುಗೊಂಡ ಮಾಳಿಗೆ ಮನೆಗಳು, ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲು ಇಟ್ಟಿಗೆಗಳ ಗೋಡೆಗಳು ಎಡೆಬಿಡದ ನೀರಿಗೆ ತಾಳದೆ ಅಪಾರ ಸಂಖ್ಯೆಯಲ್ಲಿ ಕುಸಿದವು. ಕರಾವಳಿಯ ಮಳೆ ಬಯಲುಸೀಮೆಯಲ್ಲಿ ಕೆಲವೇ ದಿನ ಸುರಿದರೂ ಸಾಕು, ಸಂದಿನ ಗಾರೆ ಯಾವುದು, ಸೂರು ಎಷ್ಟು ಚಾಚಿದೆ, ಬುಡದಿಂದ ನೀರು ಎತ್ತ ಹರಿಯುತ್ತದೆ ಎಂಬ ಪ್ರಶ್ನೆಗಳು ಅಲ್ಲಿಯೂ ಪ್ರಾಣದ ಪ್ರಶ್ನೆಗಳಾಗುತ್ತವೆ.

ದುರಸ್ತಿಗೆ ಕೈ ಹಾಕುವ ಕಾಲವನ್ನೂ ಊರಿನ ಹವೆಯೇ ಹೇಳಬೇಕು. ಚೌತಿಗೆ, ದೀಪಾವಳಿಗೆ ಮನೆ ಚೆಂದ ಕಾಣಲೆಂದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬಣ್ಣ ಬಳಿಸುವ ರೂಢಿ ಎಲ್ಲೆಡೆ ಇದೆ. ಗೋಡೆ ಅತ್ಯಂತ ನೆನೆದಿರುವ ತಿಂಗಳುಗಳೂ ಅವೇ. ಕರಾವಳಿ, ಮಲೆನಾಡುಗಳಲ್ಲಿ ಮಳೆ ನಿಂತ ಮೇಲೆ ಎರಡು ಮೂರು ತಿಂಗಳು ಗೋಡೆಯನ್ನು ಬಿಸಿಲಿಗೆ ಬಿಟ್ಟು ಜನವರಿಯ ನಂತರ ಸಂದು ತುಂಬಿಸಿ ಬಣ್ಣ ಹಚ್ಚಿದರೆ ಅದು ನಿಲ್ಲುತ್ತದೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ಗಳೇ ಹೆಚ್ಚು ಮಳೆಯ ತಿಂಗಳುಗಳಾದ್ದರಿಂದ ಅಲ್ಲಿಯೂ ಸಂಕ್ರಾಂತಿಯವರೆಗೆ ಕಾಯುವುದು ಒಳಿತು. ಬಯಲುಸೀಮೆಯ ಬಿರುಬಿಸಿಲಿನಲ್ಲಿ ಗಾರೆ ಕೆಲಸ ಮಾಡಿಸುವವರು ಬೆಳಗ್ಗೆ ಬೇಗ ಮುಗಿಸಿ, ಒದ್ದೆ ಗೋಣಿಚೀಲ ಹೊದಿಸಿ, ಕನಿಷ್ಠ ಏಳು ದಿನ ನೀರುಣಿಸದಿದ್ದರೆ ಬಲೆಯಂಥ ಸಣ್ಣ ಬಿರುಕುಗಳು ಮೊದಲ ವಾರವೇ ಕಾಣುತ್ತವೆ. ಎರೆಭೂಮಿಯ ಓರೆ ಬಿರುಕಿಗೆ ಮಾತ್ರ ಯಾವ ತಿಂಗಳೂ ಆತುರಪಡಬಾರದು. ಅದರ ಅಡ್ಡಕ್ಕೆ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ಕಡೆ ಗಾರೆಯಲ್ಲಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆದಿಟ್ಟು, ಒಂದು ಬೇಸಗೆಯನ್ನೂ ಒಂದು ಮಳೆಗಾಲವನ್ನೂ ದಾಟಿಸಬೇಕು. ಪಟ್ಟಿ ಒಡೆಯದೆ ಉಳಿದರೆ ಬಿರುಕು ಹಳೆಯದು, ತುಂಬಿ ಮುಚ್ಚಬಹುದು. ಒಡೆದಿದ್ದರೆ ಮೊದಲು ನೋಡಬೇಕಾದದ್ದು ಪಾಯದ ಸುತ್ತಲಿನ ನೀರಿನ ದಾರಿ.